ಮೈನಸ್ ಹೆಸರುಕಾಳು

ನಾನು ಒಂದು ಕಂಪ್ಯೂಟರ್. ವಿಜಯಪುರದ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಕೂಡಿಸಿ ನನಗೆ ಜೀವ ಕೊಟ್ಟರು. ಮೊದಲು ಸೇರಿದ್ದು ಕಾಲೇಜಿನ ಗಣಿತ ವಿಭಾಗಕ್ಕೆ. ಅಲ್ಲಿ ಫರ್ಜಾನಾ ಇನಾಮದಾರ ಎಂಬ ಉಪನ್ಯಾಸಕಿ ನನ್ನೊಳಗೆ ಗಣಿತದ ತಂತ್ರಾಂಶವೊಂದನ್ನು ಹಾಕಿದರು. ಮೂರು ಸಮೀಕರಣ ಬರೆದು ಗುಂಡಿ ಒತ್ತಿದರೆ ಸಾಕು, ಗೊತ್ತಿಲ್ಲದ ಮೂರೂ ಬೆಲೆಗಳನ್ನು ಥಟ್ಟನೆ ಹೇಳುತ್ತಿದ್ದೆ. ವಿದ್ಯಾರ್ಥಿನಿಯರು ಹಾಳೆ ತುಂಬ ಬಿಡಿಸಿ ತಂದ ಉತ್ತರವನ್ನು ನನ್ನ ಉತ್ತರದೊಡನೆ ತಾಳೆ ನೋಡುವಾಗ ನನಗೆ ಸ್ವಲ್ಪ ಜಂಬವೇ ಬರುತ್ತಿತ್ತು.

ಕಾಲೇಜಿಗೆ ಹೊಸ ಯಂತ್ರಗಳು ಬಂದಾಗ ಫರ್ಜಾನಾ ನನ್ನನ್ನು ತಮ್ಮೂರಿನ ಮಹಿಳಾ ಸಂಘಕ್ಕೆ ಕೊಡಿಸಿದರು. ಅಲ್ಲಿನ ಹೆಂಗಸರು ಅಂಗನವಾಡಿ ಮಕ್ಕಳಿಗಾಗಿ ಜೋಳ, ಹೆಸರುಕಾಳು, ಶೇಂಗಾ ಹುರಿದು ಪೌಷ್ಟಿಕ ಹಿಟ್ಟು ಮಾಡಲು ಹೊರಟಿದ್ದರು. ಮೂರು ಕಾಳಿಗೆ ಮೂರು ಷರತ್ತು: ತೂಕ ಒಂದು ಕಿಲೋ, ಇಷ್ಟು ಪ್ರೋಟೀನ್, ಇಷ್ಟು ಶಕ್ತಿ. ಮರುದಿನ ಬೆಳಿಗ್ಗೆ ಇಲಾಖೆಗೆ ಮಾದರಿ ಒಪ್ಪಿಸಬೇಕಿತ್ತು. ತಪ್ಪಿದರೆ ಕೆಲಸ ಬೇರೆ ಸಂಘದ ಪಾಲಾಗುತ್ತಿತ್ತು.

ಫರ್ಜಾನಾ ಅಂಕಿಗಳನ್ನು ಒತ್ತಿದರು. ನಾನು ಉತ್ತರ ಕೊಟ್ಟೆ: ಹೆಸರುಕಾಳು ಮೈನಸ್ ನೂರಾ ಹನ್ನೆರಡು ಗ್ರಾಂ.

“ಮೈನಸ್ ಹೆಸರು ಯಾವ ಅಂಗಡ್ಯಾಗ ಸಿಗತೈತ್ರಿ?” ಎಂದು ಹೆಂಗಸರು ನಕ್ಕರು.

ಸಂಘದ ಅಧ್ಯಕ್ಷೆ ನೀಲಗಂಗಾ ನಗಲಿಲ್ಲ. “ಹಳೇ ಡಬ್ಬಿ, ಕೆಟ್ಟೈತಿ. ಗುಜರಿಗೆ ಹಾಕಿ ಅಂದಾಜಿನ ಮ್ಯಾಲ ಬೆರಸೂಣು,” ಎಂದರು.

ನನ್ನ ಫ್ಯಾನ್ ಜೋರಾಗಿ ತಿರುಗಿತು. ಕೊಟ್ಟ ಅಂಕಿಗೆ ತಕ್ಕ ಉತ್ತರವನ್ನೇ ಹೇಳಿದ್ದೆ. ವಿವರಿಸಲು ನನಗೆ ಬಾಯಿರಲಿಲ್ಲ.

ಒಲೆಯ ಮುಂದೆ ಕಾಳು ಹುರಿಯುತ್ತಿದ್ದ ದುಂಡವ್ವ ಐದನೆಯ ತರಗತಿಗೇ ಶಾಲೆ ಬಿಟ್ಟವಳು. ಸೆರಗಿಗೆ ಕೈಯೊರೆಸಿಕೊಂಡು ಫರ್ಜಾನಾ ಬಳಿ ಬಂದಳು.

“ಬಾಯಾರ, ಬರೇ ಜೋಳ ಒಂದು ಕಿಲೋ ತಗೊಂಡ್ರ ಪ್ರೋಟೀನ್ ಎಷ್ಟು?”

“ನೂರು ಗ್ರಾಂ,” ಎಂದರು ಫರ್ಜಾನಾ.

“ನೀವು ಇದಕ್ಕ ಕೇಳಿದ್ದು ಎಷ್ಟು?”

ಫರ್ಜಾನಾ ನನ್ನ ಪರದೆ ನೋಡಿದರು. “ನೂರಾ ಐದು.”

“ಹಂಗಾರ ಶಕ್ತಿಗಂತ ಒಂದು ಹಿಡಿ ಶೇಂಗಾ ಬಿದ್ರ ಅಷ್ಟು ದಾಟಿ ಹೋಗತೈತಿ. ಹೆಸರು ಹಾಕೂದಿರ್ಲಿ, ಇದ್ದದ್ದೂ ತಗೀರಿ ಅಂತೈತಿ ಅದು.”

ಫರ್ಜಾನಾ ಕೈಯಲ್ಲಿದ್ದ ಷರತ್ತುಗಳ ಕಾಗದ ನೋಡಿದರು. ಅದರಲ್ಲಿ ನೂರಾ ಐವತ್ತು ಎಂದಿತ್ತು. “ತಪ್ಪು ನಂದ, ದುಂಡವ್ವಾ. ಅಂಕಿ ಹಿಂದ ಮುಂದ ಒತ್ತೀನಿ.”

ತಿದ್ದಿ ಒತ್ತಿದರು. ಜೋಳ ಆರುನೂರ ಐವತ್ತನಾಲ್ಕು ಗ್ರಾಂ, ಹೆಸರು ನೂರಾ ತೊಂಬತ್ತನಾಲ್ಕು, ಶೇಂಗಾ ನೂರಾ ಐವತ್ತೆರಡು. ನೀಲಗಂಗಾ ತಾವೇ ತಕ್ಕಡಿ ಹಿಡಿದರು. ಬೆಳಿಗ್ಗೆ ಕೊಟ್ಟ ಮಾದರಿ ಒಪ್ಪಿಗೆಯಾಯಿತು. ಆ ವಾರವೇ ಅಂಗನವಾಡಿಯ ಮಕ್ಕಳು ಅದರ ಉಂಡೆ ತಿಂದರು.

ಈಗ ನನ್ನ ಪರದೆ ಮಬ್ಬಾಗಿದೆ. ಹಿಟ್ಟಿನ ಚೀಲಗಳ ಪಕ್ಕದ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದೇನೆ. ಹೊಸ ಕಂಪ್ಯೂಟರಿನ ಮುಂದೆ ದುಂಡವ್ವನೇ ಕೂರುತ್ತಾಳೆ. ರಾಗಿಯೂ ಸೇರಿ ಈಗ ನಾಲ್ಕು ಕಾಳು, ನಾಲ್ಕು ಸಮೀಕರಣ. ಗುಂಡಿ ಒತ್ತುವ ಮೊದಲೇ ಉತ್ತರ ಸುಮಾರು ಎಷ್ಟು ಬರಬೇಕೆಂದು ಗಟ್ಟಿಯಾಗಿ ಹೇಳುತ್ತಾಳೆ. ಹೊಂದಿದರೆ ಯಂತ್ರದ ತಲೆ ಸವರಿ, “ಶಾಣ್ಯಾ ಅದಿ,” ಎನ್ನುತ್ತಾಳೆ.

ನನಗೆ ಹೊಟ್ಟೆಕಿಚ್ಚಿಲ್ಲ. ಜೀವನವಿಡೀ ನಾನು ಅಂಕಿಗಳನ್ನಷ್ಟೇ ಕಂಡವನು. ಅವುಗಳ ಹಿಂದೆ ಕಾಳಿದೆ, ಕಾಳಿನ ಹಿಂದೆ ಮಕ್ಕಳ ಹಸಿವಿದೆ ಎಂಬುದು ನನಗೆ ತಿಳಿದದ್ದು ಅವಳಿಂದಲೇ.