ವಾಲಿದ ನಡಿಗೆ

ಅಕ್ಕನ ಕಣ್ಣಿಗೆ ಈಗ ನಿಂತದ್ದು ಕಾಣುತ್ತಿರಲಿಲ್ಲ, ಅಲುಗಿದ್ದು ಕಾಣುತ್ತಿತ್ತು. ಕಣ್ಣಿನ ನಟ್ಟನಡುವಿನ ಭಾಗ ಸವೆದುಹೋಗಿದೆ, ಅಂಚು ಮಾತ್ರ ಉಳಿದಿದೆ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಅಂಚಿಗೆ ಅಕ್ಷರ ಓದಲು ಬಾರದು, ಆದರೆ ಚಲನೆಯನ್ನು ಹಿಡಿಯುವುದರಲ್ಲಿ ಅದು ಬಲು ಚುರುಕು. ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆಯೂ ಜೊತೆಗಿರುವುದರಿಂದ ಆ ಅಂಚೂ ಬಹಳ ಕಾಲ ಉಳಿಯದು ಎಂದು ಕೊನೆಗೆ ಮೆಲ್ಲಗೆ ಸೇರಿಸಿದ್ದರು.

"ಜೀವಮಾನವೆಲ್ಲ ನಿಂತ ಚಿತ್ರ ಬರೆದೆ. ಈಗ ನೋಡು, ಎಲ್ಲಾ ಸೇರಿ ನನ್ನ ಮೇಲೆ ಮುನಿಸಿಕೊಂಡಿವೆ" ಎಂದು ಅಕ್ಕ ಆಸ್ಪತ್ರೆಯ ಮೆಟ್ಟಿಲಿಳಿಯುತ್ತಾ ತಂಗಿಗೆ ಹೇಳಿ ನಕ್ಕಳು. ಮನೆಗೆ ಬಂದು ಕುರ್ಚಿಯಲ್ಲಿ ಕೂತ ಮೇಲೆ ನಗಲಿಲ್ಲ. "ಬೀರು ಮೇಲೆ ಅಮ್ಮನ ಕಟ್ಟು ಇದೆಯಲ್ಲ, ಅದನ್ನ ನಡೆಸಿಕೊಡ್ತೀಯೇನೇ? ಕಣ್ಣು ಪೂರ್ತಿ ಮುಚ್ಚೋದ್ರೊಳಗೆ ಒಂದ್ಸಲ ನೋಡ್ಬೇಕು."

ಕಟ್ಟು ಎಂದರೆ ಅಮ್ಮನ ನಡಿಗೆಯ ಪೆನ್ಸಿಲ್ ಚಿತ್ರಗಳ ಕಟ್ಟು. ಅಕ್ಕತಂಗಿಯರಿಬ್ಬರೂ ಒಂದೇ ಸಿನಿಮಾ ಸ್ಟುಡಿಯೋದ ಅನಿಮೇಶನ್ ಶಾಖೆಯಲ್ಲಿ ತಲೆ ನೆರೆಯುವವರೆಗೆ ದುಡಿದವರು. ಅಕ್ಕ ಮುಖ್ಯ ಚಿತ್ರಗಳನ್ನು ಬರೆಯುವವಳು: ಕಾಲು ಎತ್ತಿದ್ದು, ಕಾಲು ಊರಿದ್ದು. ಆ ಎರಡರ ಮಧ್ಯೆ ಬರಬೇಕಾದ ಚಿತ್ರಗಳನ್ನೆಲ್ಲ ತಂಗಿ ತುಂಬಬೇಕು. ಮುಖ್ಯ ಚಿತ್ರದಲ್ಲಿ ಭಂಗಿ ಇರುತ್ತದೆ, ಜೀವ ಬರುವುದು ನಡುವಿನವುಗಳಲ್ಲಿ. ಆದರೂ ಸಿನಿಮಾದ ಕೊನೆಯಲ್ಲಿ ಬರುತ್ತಿದ್ದ ಹೆಸರು ಅಕ್ಕನದು. ಆ ಬಗ್ಗೆ ತಂಗಿ ಮನೆಯಲ್ಲಿ ಸಾಕಷ್ಟು ಜಗಳವಾಡಿದ್ದಳು.

ಬೀರುವಿನಿಂದ ಕಟ್ಟನ್ನು ಇಳಿಸಿ ಧೂಳು ಕೊಡವಿದಾಗ ಆ ಹಳೆಯ ಕೋಣೆಯೇ ಎದುರು ಬಂದು ನಿಂತಂತಾಯಿತು. ಅಡಿಯಲ್ಲಿ ದೀಪವಿರುವ ಗಾಜಿನ ಮೇಜುಗಳ ಸಾಲು, ಬಿಸಿಗಾಜಿನ ಮೇಲೆ ಬೆಚ್ಚಗಾಗುತ್ತಿದ್ದ ಕಾಗದ, ಎಲ್ಲರ ಮಡಿಲಲ್ಲೂ ರಬ್ಬರಿನ ಪುಡಿ. ಬೆರಳುಗಳ ಸಂದಿಯಲ್ಲಿ ಹಾಳೆಗಳನ್ನು ಸಿಕ್ಕಿಸಿ ಸರಸರನೆ ಮಗುಚುವ ಸದ್ದು ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತಿರಲಿಲ್ಲ. ಹೊಸದಾಗಿ ಸೇರಿದವರಿಗೆ ಯಜಮಾನರು ಮೊದಲ ದಿನ ಒಂದು ರಟ್ಟಿನ ಡೋಲು ಕೊಡುತ್ತಿದ್ದರು. ಅದರ ಒಳಸುತ್ತಿಗೆ ಕುದುರೆಯ ಚಿತ್ರಗಳು, ಮೇಲಂಚಿನಲ್ಲಿ ಸೀಳುಗಳು. ತಿರುಗಿಸಿ ಸೀಳಿನಿಂದ ಇಣುಕಿದರೆ ಕುದುರೆ ಓಡುತ್ತಿತ್ತು. "ಸಿನಿಮಾ ಹುಟ್ಟೋಕೆ ಮುಂಚೇನೇ ಇದು ಇತ್ತು. ಇದು ನಮ್ಮಜ್ಜ, ಕೈಮುಗೀರಿ" ಎನ್ನುತ್ತಿದ್ದರು. ಒಂದು ಚಿತ್ರ ಕಣ್ಣಿನಲ್ಲಿ ಅಳಿಯುವ ಮೊದಲೇ ಇನ್ನೊಂದು ಬಂದು ಸೇರುವುದರಿಂದ ಹೀಗಾಗುತ್ತದೆಂದು ಆಗ ಎಲ್ಲರೂ ನಂಬಿದ್ದರು. ಅಷ್ಟೇ ಅಲ್ಲ, ಎರಡು ಚಿತ್ರಗಳ ನಡುವಿನ ಖಾಲಿಯನ್ನು ಮಿದುಳು ತಾನಾಗಿ ತುಂಬಿಕೊಳ್ಳುತ್ತದೆಂದು ತಂಗಿ ಎಷ್ಟೋ ವರ್ಷಗಳ ನಂತರ ಓದಿದಳು. ಓದಿ, ಹಾಗಾದರೆ ಮಿದುಳೂ ನನ್ನದೇ ಕೆಲಸದ್ದು ಎಂದು ಬೀಗಿದ್ದಳು.

ಅವಳು ಮೊದಲ ಸಲ ಬರೆದ ಬೀಳುವ ಚೆಂಡನ್ನು ನೋಡಿ ಯಜಮಾನರು, "ಇದು ಬೀಳ್ತಿಲ್ಲಮ್ಮ, ಲಿಫ್ಟಲ್ಲಿ ಇಳೀತಿದೆ" ಎಂದಿದ್ದರು. ಚಿತ್ರದಿಂದ ಚಿತ್ರಕ್ಕೆ ಸಮ ಅಂತರ ಇಟ್ಟಿದ್ದಳು. ಬೀಳುವ ವಸ್ತು ಮೇಲೆ ನಿಧಾನ, ಕೆಳಗೆ ಬರುತ್ತಾ ವೇಗ. ಅಂತರವೂ ಹಾಗೇ ಹಿಗ್ಗಬೇಕು. ಭಾರವನ್ನು ಬರೆಯುವುದು ಗೆರೆಯಿಂದಲ್ಲ, ಅಂತರದಿಂದ ಎಂಬುದು ಅಂದು ಅವಳ ತಲೆಗೆ ಹೊಕ್ಕಿತು.

ಅಮ್ಮನ ಚಿತ್ರಗಳನ್ನು ಅಕ್ಕ ಊಟದ ಬಿಡುವಿನಲ್ಲಿ ಯಾರಿಗೂ ಹೇಳದೆ ಶುರುಮಾಡಿದ್ದಳು. ಅಷ್ಟರಲ್ಲಿ ಕಂಪ್ಯೂಟರುಗಳು ಬಂದವು, ಶಾಖೆಗೆ ಬೀಗ ಬಿತ್ತು, ಕಟ್ಟು ಬೀರುವಿನ ಮೇಲೇರಿತು. ಅಮ್ಮ ತೀರಿಕೊಂಡು ಆಗಲೇ ಬಹುಕಾಲವಾಗಿತ್ತು. ಅವಳ ಒಂದೆರಡು ಫೋಟೋಗಳಿದ್ದವು. ಅವಳ ನಡಿಗೆ ಎಲ್ಲೂ ಇರಲಿಲ್ಲ.

ತಂಗಿ ಕೆಲಸಕ್ಕೆ ಕೂತಳು. ಹಾಳೆ ಅಲುಗದಂತೆ ಮೇಜಿನ ಗೂಟಕ್ಕೆ ಸಿಕ್ಕಿಸಲು ಕಾಗದದ ತಳದಲ್ಲಿದ್ದ ತೂತುಗಳು ಹರಿದು ಅಗಲವಾಗಿದ್ದವು. ಅದಕ್ಕೇ ಇರಬೇಕು, ಪ್ರತಿ ಚಿತ್ರದಲ್ಲೂ ಅಮ್ಮ ಬಲಕ್ಕೆ ವಾಲಿದ್ದಳು. ತೂತು ಹರಿದ ಕಾಗದ ಸೊಟ್ಟಗಾಗುವುದು ಅವರ ಕಸುಬಿನಲ್ಲಿ ದಿನನಿತ್ಯದ ತೊಂದರೆ. ಅದನ್ನು ನೇರ ಮಾಡುವುದು ನಡುವಿನ ಚಿತ್ರ ಬರೆಯುವವರ ಹೊಣೆ. ತಂಗಿ ನೂಲುಗುಂಡು ಹಿಡಿದಷ್ಟು ಕರಾರುವಾಕ್ಕಾಗಿ ಒಂದೊಂದನ್ನೂ ಹೊಸ ಹಾಳೆಯ ಮೇಲೆ ನೇರ ಮಾಡಿ ಬರೆದಳು. ಹಾಗೆ ತಿರುಗಿಸಿದಾಗ ಪಾದಗಳು ನೆಲದಿಂದ ಓರೆಯಾದವು. ಅವನ್ನೂ ತಿದ್ದಿ ಸಮ ಮಾಡಿ, ನಡುವಿನ ಚಿತ್ರಗಳನ್ನು ತುಂಬಿದಳು.

ಅವಳ ಗಂಡ ಅದೇ ಶಾಖೆಯ ಕ್ಯಾಮೆರಾಮನ್. ನಿವೃತ್ತನಾದ ಮೇಲೂ ಅಕ್ಕನಿಗೆ ಅವನು ಬರೀ "ಕ್ಯಾಮೆರಾ". ಅವನು ಹಾಳೆಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದು ಪೋಣಿಸಿದ. ಮಧ್ಯಾಹ್ನ ಪರದೆ ಎಳೆದು, ಬಾಡಿಗೆ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟ. ಅಕ್ಕ ಗೋಡೆಗೆ ಓರೆಯಾಗಿ ಕೂತಳು, ಕಣ್ಣಂಚಿನಿಂದ ನೋಡಲು.

ಗೋಡೆಯ ಮೇಲೆ ಹೆಂಗಸೊಬ್ಬಳು ನಡೆದಳು.

"ಯಾರೇ ಇದು?" ಎಂದಳು ಅಕ್ಕ.

"ಅಮ್ಮ!"

"ಅಲ್ಲ. ಯಾವಳೋ ಬಸ್ಸಿಗೆ ಹೊತ್ತಾಯ್ತು ಅಂತ ಹೋಗ್ತಿದ್ದಾಳೆ."

ತಂಗಿಗೆ ರೇಗಿತು. "ಮುಖ್ಯ ಚಿತ್ರ ನಿನ್ನದೇ ತಾನೆ? ಸೊಟ್ಟಗಿದ್ದದ್ದನ್ನ ನೆಟ್ಟಗೆ ಮಾಡಿದೆ, ಅಷ್ಟೆ. ಅಮ್ಮ ಹೀಗೇ ನಡೀತಿದ್ಲು. ನೆಟ್ಟಗೆ, ಬಿರಬಿರನೆ. ನನಗೆ ನೆನಪಿಲ್ವಾ?"

"ನೆಟ್ಟಗೆ ಮಾಡಿದ್ಯಾ?" ಅಕ್ಕ ದನಿಯ ಕಡೆ ಮುಖ ತಿರುಗಿಸಿದಳು. "ಕಾಗದ ವಾಲಿದ್ರೆ ಪಾದನೂ ವಾಲಬೇಕಲ್ವೇನೇ? ಪಾದ ಹೇಗಿತ್ತು?"

"ಸಮವಾಗಿತ್ತು" ಎಂದಳು ತಂಗಿ, ನಿಧಾನಕ್ಕೆ.

"ಮತ್ತೆ? ವಾಲಿದ್ದು ಕಾಗದ ಅಲ್ಲ ಕಣೇ, ಅಮ್ಮ. ಎಡ ಸೊಂಟದ ಮೇಲೆ ಮಗು ಇತ್ತಲ್ಲ."

"ಯಾವ ಮಗು?"

"ನೀನೇ, ಇನ್ಯಾವುದು! ಆ ಕುಂಬಳಕಾಯಿ ಭಾರ ಹೊತ್ಕೊಂಡು ಯಾರು ನೆಟ್ಟಗೆ ನಡೆದಾರು? ಸದಾ ಒದೀತಿದ್ದೆ ಬೇರೆ. ಮಗೂನ ಬೇರೆ ಹಾಳೇಲಿ ಬರಿಯೋಣ ಅಂತಿದ್ದೆ, ಅಷ್ಟರಲ್ಲಿ ಬೀಗ ಹಾಕಿದ್ರು."

ಅಕ್ಕ ಮರೆಯಲಾರದ ಆ ನಡಿಗೆಯನ್ನು ತಂಗಿ ಒಮ್ಮೆಯೂ ನೋಡಿರಲಿಲ್ಲ. ನೋಡುವ ದಾರಿಯೇ ಇರಲಿಲ್ಲ. ಅವಳು ಆ ನಡಿಗೆಯ ಮೇಲೆ ಕೂತಿದ್ದಳು. ತಾನು ಇಳಿದ ಮೇಲಿನ ಅಮ್ಮನಷ್ಟೇ ಅವಳ ನೆನಪಿನಲ್ಲಿದ್ದಳು.

ಮರುದಿನದಿಂದ ಮತ್ತೆ ಮೊದಲಿನಿಂದ. ಈ ಸಲ ವಾಲಿದ್ದನ್ನು ವಾಲಿದಂತೆಯೇ ಬಿಟ್ಟಳು. ಎಡ ಹೆಜ್ಜೆಯ ಮೇಲೆ ಮೈ ತುಸು ಹೆಚ್ಚು ಹೊತ್ತು ತಂಗುವಂತೆ ಅಲ್ಲಿನ ಅಂತರಗಳನ್ನು ಒತ್ತೊತ್ತಾಗಿ ಇಟ್ಟಳು, ಬಲ ಹೆಜ್ಜೆಗೆ ಬೇಗ ಬಿಟ್ಟಳು. ಅಕ್ಕ ಈಗ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದ್ದಳು, ಲೋಟವನ್ನು ಸದ್ದಿನಿಂದ ಹುಡುಕುತ್ತಿದ್ದಳು. ಮಗುವನ್ನೂ ಬರೆಯುತ್ತ ಕೂತರೆ ಹೊತ್ತು ಮೀರೀತೆಂದು ತಂಗಿ ಅದನ್ನು ಕೈಬಿಟ್ಟಳು. ಭಾರ ಕಂಡರೆ ಸಾಕು, ಹೊರೆ ಕಾಣಬೇಕಿಲ್ಲ.

ಮತ್ತೆ ಪರದೆ ಎಳೆದರು. ಸೊಂಟದ ಮೇಲೆ ಏನೂ ಇಲ್ಲದ ಹೆಂಗಸೊಬ್ಬಳು ಗೋಡೆಯ ಮೇಲೆ ಬಲಕ್ಕೆ ವಾಲಿ, ಸಮತೋಲಕ್ಕೆ ಬಲಗೈಯನ್ನು ಹೊರಕ್ಕೆ ಬೀಸುತ್ತಾ ನಡೆದಳು. ಕೈ ಬೀಸಿದಾಗಲೆಲ್ಲ ಅಕ್ಕನ ತಲೆ ಕೊಂಚ ಪಕ್ಕಕ್ಕೆ ಸರಿಯುತ್ತಿತ್ತು.

"ಏನಾಯ್ತಕ್ಕಾ?"

"ಆ ಕಡೆ ನಾನು ನಡೀತಿದ್ದೆ. ಕೈ ಬಂದು ಕೆನ್ನೆಗೆ ತಾಗೋದು." ಒದ್ದೆಯಾದ ಮುಖವನ್ನು ಅಕ್ಕ ಒರೆಸಿಕೊಳ್ಳಲಿಲ್ಲ. "ಇನ್ನೊಂದ್ಸಲ ಬಿಡೋ ಕ್ಯಾಮೆರಾ."

"ಬೆಳಗಾಗೋವರೆಗೂ ಬಿಡ್ತೀನಿ ಅತ್ತಿಗೆ" ಎಂದ ಅವನು.

ಅಮ್ಮ ಮತ್ತೆ ಬಂದಳು, ಹೋದಳು, ಬಂದಳು. ಅಕ್ಕ ಹುಬ್ಬು ಗಂಟಿಕ್ಕಿದಳು.

"ಏಯ್, ಮೂರನೇ ಹೆಜ್ಜೇಲಿ ಊರಿದ ಪಾದ ಹಿಂದಕ್ಕೆ ಜಾರ್ತಿದೆ. ಮಂಜುಗಡ್ಡೆ ಮೇಲೆ ನಡೆಸಿದ್ಯಾ ಅಮ್ಮನ್ನ?"

ತಂಗಿ ಗೋಡೆ ನೋಡಿದಳು. ಜಾರುತ್ತಿತ್ತು, ನಿಜ, ನೆಟ್ಟಗಿನ ಕಣ್ಣಿರುವ ಅವಳಿಗೇ ಕಂಡಿರಲಿಲ್ಲ. ಇಡೀ ನೌಕರಿಯಲ್ಲಿ ತಪ್ಪು ಹಿಡಿದವರ ಮೇಲೆ ಅವಳಿಗೆ ಅಷ್ಟು ಪ್ರೀತಿ ಬಂದದ್ದಿಲ್ಲ.

"ನಿಲ್ಲಿಸ್ರೀ, ಒಂದು ನಿಮಿಷ" ಎಂದು ಗಂಡನಿಗೆ ಹೇಳಿ, ಆ ಹಾಳೆ ಹುಡುಕಿ ತೆಗೆದು, ರಬ್ಬರ್ ಎಲ್ಲಿಟ್ಟೆ ಎಂದು ಮಡಿಲು ತಡಕಿಕೊಂಡಳು.