ಹನ್ನೊಂದನೆಯ ಮೊಳೆ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಮೈದಾನಕ್ಕೆ ಹಿಂದೊಂದು ಗೇಟಿದೆ. ಅದರ ಎದುರಿಗೆ ಒಂದು ಕ್ಷೌರದ ಅಂಗಡಿ. ಅಂಗಡಿಯ ಗೋಡೆಯಲ್ಲಿ, ಕನ್ನಡಿಗಳಿಗಿಂತ ಒಂದು ಗೇಣು ಮೇಲೆ, ಸಾಲಾಗಿ ಹನ್ನೊಂದು ಮೊಳೆಗಳು, ಒಂದೊಂದಕ್ಕೂ ಒಬ್ಬೊಬ್ಬ ಆಟಗಾರನ ಫೋಟೋ. ಬಾಗಿಲ ಪಕ್ಕದ್ದು ಮೊದಲನೆಯ ಸ್ಥಾನ. ಒಳಗೆ ಹೋದಂತೆಲ್ಲ ಮರ್ಯಾದೆ ಇಳಿಯುತ್ತಾ ಹೋಗುತ್ತದೆ. ಹನ್ನೊಂದನೆಯ ಮೊಳೆ ತಲೆ ತೊಳೆಯುವ ಬೇಸಿನ್ನಿನ ಮೇಲಿದೆ, ಅಲ್ಲಿ ತೂಗುವವನ ಮುಖಕ್ಕೆ ದಿನವಿಡೀ ಬಿಸಿನೀರಿನ ಹಬೆ. ಅಲ್ಲಿದ್ದದ್ದು ನಮ್ಮಪ್ಪ.

ನಾನು ಹುಟ್ಟಿದಾಗ ಅವನು ನಾಲ್ಕನೆಯ ಮೊಳೆಯಲ್ಲಿದ್ದನಂತೆ. ನನ್ನ ಮದುವೆಯ ಹೊತ್ತಿಗೆ ಆರಕ್ಕೆ ಬಂದಿದ್ದ. ನಾನು ಗಂಡನಿಗೆ ದೊಡ್ಡ ನಮಸ್ಕಾರ ಹಾಕಿ ತವರಿಗೆ ಮರಳಿದಾಗ ಒಂಬತ್ತು. ನಮ್ಮ ಮನೆಯಲ್ಲಿ ಇಸವಿಗಳನ್ನು ನೆನಪಿಟ್ಟುಕೊಳ್ಳುವ ಕ್ರಮವೇ ಇದು.

ನಾನು ಹುಟ್ಟುವ ಮೊದಲೇ ಆಟ ಬಿಟ್ಟವನು ಕೆಳಗಿಳಿಯುವುದು ಹೇಗೆ ಎಂದು ಕೇಳಬಹುದು. ಅಂಗಡಿಯ ನಿಯಮ ಹಾಗಿದೆ. ಹಿಂದೊಮ್ಮೆ ಇಬ್ಬರು ಗಿರಾಕಿಗಳು ಒಬ್ಬ ಆಟಗಾರನ ವಿಷಯಕ್ಕೆ ಜಗಳವಾಡಿ ಕತ್ತಿ ಹಿಡಿಯುವವರೆಗೂ ಹೋದರಂತೆ. ಬಿಡಿಸಿ ವಿಚಾರಿಸಿದರೆ ಇಬ್ಬರೂ ಆ ಆಟಗಾರನನ್ನು ಕಂಡವರೇ ಅಲ್ಲ. ಅಂದೇ ಈಗಿನ ಕ್ಷೌರಿಕರ ಅಪ್ಪ ನಿಯಮ ಮಾಡಿದರು: ಮೈದಾನದಲ್ಲಿ ಕಣ್ಣಾರೆ ಕಂಡವರು ಮಾತ್ರ ಕೈ ಎತ್ತಬೇಕು. ಟೀವಿಯಲ್ಲಿ ಕಂಡದ್ದು ಕಂಡದ್ದಲ್ಲ, ಅಜ್ಜ ಹೇಳಿದ್ದು ಲೆಕ್ಕಕ್ಕಿಲ್ಲ. ಆಟದ ಹೊಸ ಋತು ಶುರುವಾಗುವ ಮೊದಲಿನ ಭಾನುವಾರ ಅಭಿಮಾನಿಗಳೆಲ್ಲ ಅಲ್ಲಿ ಸೇರುತ್ತಾರೆ. ಪ್ರತಿ ಫೋಟೋಗೂ ಕಂಡವರೊಬ್ಬರು ಎದ್ದು ನಿಂತು, ತಾವು ಕಂಡದ್ದೊಂದನ್ನು ಹೇಳಬೇಕು. ಉಳಿದ ಕಂಡವರು ಕೈ ಎತ್ತುತ್ತಾರೆ. ಕೈಗಳ ಲೆಕ್ಕದ ಮೇಲೆ ಸ್ಥಾನ. ಹೇಳುವವರೇ ಇಲ್ಲವಾದರೆ ಫೋಟೋ ಮೊಳೆಯಿಂದ ಕೆಳಗೆ. ಹೊಸಬ ಯಾರೇ ಆದರೂ ಮೊದಲ ವರ್ಷ ಕೊನೆಯ ಮೊಳೆಗೆ. ಅಪ್ಪನ ಆಟ ಕೆಟ್ಟಿರಲಿಲ್ಲ, ನೋಡಿದವರು ಒಬ್ಬೊಬ್ಬರಾಗಿ ಸಾಯುತ್ತಾ ಬಂದಿದ್ದರು.

ಅಪ್ಪನ ಪರವಾಗಿ ಹೇಳುತ್ತಿದ್ದವರು ಬೇಕರಿಯವರು. ಅವರಿಗೆ ಮಾತೆಂದರೆ ಪ್ರಾಣ. ಅಂಗಡಿಯಲ್ಲಿ ಅಪ್ಪನ ಹೆಸರೇ ಎಡಗಾಲ. ಅಪ್ಪ ದೂರದಿಂದ ಎಡಗಾಲಿನಲ್ಲಿ ಹೊಡೆದ ಒಂದು ಗೋಲನ್ನು ಪ್ರತಿ ಸಲವೂ ಹೇಳುವರು. ವರ್ಷಕ್ಕೊಂದು ಗಜದಂತೆ ಆ ಗೋಲು ಹಿಂದೆ ಹಿಂದೆ ಸರಿದು, ಇನ್ನೆರಡು ವರ್ಷ ಅವರು ಬದುಕಿದ್ದರೆ ಅಪ್ಪ ಪಕ್ಕದ ಬೀದಿಯಿಂದ ಗೋಲು ಹೊಡೆದವನಾಗುತ್ತಿದ್ದ. ಅವರು ಈ ಚಳಿಗಾಲದಲ್ಲಿ ತೀರಿಕೊಂಡರು. ಅಪ್ಪನ ಆಟ ಕಂಡವರು ಅಂತ ಉಳಿದದ್ದು ಅವನ ಹಳೆಯ ಸ್ನೇಹಿತ ಬಸ್ ಕಂಡಕ್ಟರ್ ಮಾಮ ಒಬ್ಬರೇ. ಅವರು ಇಷ್ಟು ವರ್ಷವೂ ಬಾಯಿ ಬಿಡದೆ ಕೈ ಎತ್ತಿ ಕೂತವರು.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ಬಿಸಿ ಹಬೆಯಲ್ಲಿ ರೋಗಿಗಳ ಚಾದರ ಒತ್ತಿ ಮನೆಗೆ ಬಂದವಳಿಗೆ ಫುಟ್‌ಬಾಲ್ ಅಂದರೆ ಮೈ ಉರಿಯುತ್ತದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆಂದು ಎಲ್ಲರೂ ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಅಪ್ಪ ಪ್ರತಿ ಶನಿವಾರ, ಇಲ್ಲದ ಗಡ್ಡ ತೆಗೆಸಲು, ಮೇಲುಸಿರು ಬಿಡುತ್ತಾ ಆ ಅಂಗಡಿಗೆ ನಡೆಯುತ್ತಿದ್ದ. ಕೊನೆಯ ಕುರ್ಚಿಯಲ್ಲೇ ಕೂರಬೇಕು ಅವನಿಗೆ. ಅಲ್ಲಿಂದ ಕನ್ನಡಿಯಲ್ಲಿ ತನ್ನ ಮುಖ, ಕತ್ತೆತ್ತಿದರೆ ಗೋಡೆಯಲ್ಲಿ ತನ್ನ ಫೋಟೋ. ಅಮ್ಮ ಹೋದಮೇಲೆ ಅವನು ಅನ್ನವನ್ನೂ ಲೆಕ್ಕಕ್ಕೆ ಉಣ್ಣುತ್ತಿದ್ದ. ಡಾಕ್ಟರು ಹೃದಯ ಬಹಳ ಸೋತಿದೆ, ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದೇನೂ ಆಗದ ಹಾಗೆ ನೋಡಿಕೊಳ್ಳಿ ಅಂದಿದ್ದರು. ಇನ್ನೊಂದು ವರ್ಷವಾದರೂ ಆ ಫೋಟೋ ಆ ಮೊಳೆಯಲ್ಲಿ ಇರಬೇಕು ಎಂದು ನಾನು ಹಟ ಹಿಡಿದೆ.

ಕಂಡಕ್ಟರ್ ಮಾಮನ ಮನೆ ನಾಲ್ಕನೆಯ ಮಹಡಿ. ಲಿಫ್ಟ್ ಕೆಟ್ಟು ಯಾವ ಕಾಲವಾಗಿತ್ತೋ. ಮಾಮನ ಮಂಡಿಗಳೂ ಅದೇ ಲಿಫ್ಟಿನ ಜೊತೆಗೆ ಕೆಟ್ಟಿದ್ದವು. ಅವರನ್ನು ಮನೆಯಿಂದ ಹೊರಡಿಸುವುದಕ್ಕೆ ಸೊಸೆ ಸುತರಾಂ ಒಪ್ಪಲಿಲ್ಲ, ಬಿದ್ದರೆ ಯಾರು ಹೊಣೆ ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಗೋಗರೆದೆ, ಆಮೇಲೆ ರೇಗಿದೆ, ಮತ್ತೆ ಗೋಗರೆದೆ. ಕೊನೆಗೆ ಮಾಮನೇ ಕೋಣೆಯಿಂದ ಮಾತಾಡಿದರು.

"ನಿಮ್ಮಪ್ಪಂದು ಒಂದು ಗೋಲಿದೆಯಮ್ಮ. ಕಣ್ಣು ಮುಚ್ಚೋವರೆಗೂ ಮರೆಯಲ್ಲ. ಅದನ್ನೇ ಹೇಳ್ತೀನಿ, ಚಿಂತೆ ಮಾಡ್ಬೇಡ."

ಯಾವ ಗೋಲು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಆ ಭಾನುವಾರ ಬೆಳಿಗ್ಗೆ ಅವರನ್ನು ಒಂದೊಂದೇ ಮೆಟ್ಟಿಲು ಇಳಿಸಿದೆ. ಪ್ರತಿ ಮಹಡಿಯಲ್ಲೂ ನಿಂತು, ಉಸಿರು ತಿರುಗಿಸಿಕೊಂಡು, "ಇಳಿಯೋರಿದ್ದಾರಾ?" ಎಂದು ಹಳೆಯ ದನಿಯಲ್ಲಿ ಕೂಗುತ್ತಿದ್ದರು. ಯಾರೂ ಇರಲಿಲ್ಲ. ನನಗೆ ನಗು ಬಂತು. ಈ ವರ್ಷದಲ್ಲಿ ನಾನು ಮನಸಾರೆ ನಕ್ಕದ್ದು ಆ ಮೆಟ್ಟಿಲುಗಳ ಮೇಲೆ ಮಾತ್ರ.

ಅಂಗಡಿ ಕಿಕ್ಕಿರಿದಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೊನೆಯ ಕುರ್ಚಿಯಲ್ಲಿ ಆಗಲೇ ಕೂತಿದ್ದ. ಮಾಮನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ನಾನು ಇಬ್ಬರ ನಡುವೆ ನಿಂತೆ. ಹಿಂದುಗಡೆ ಹುಡುಗರ ದಂಡು. ಅವರ ಕಣ್ಮಣಿ ಈಗ ಕ್ಲಬ್ಬಿನಲ್ಲಿ ಆಡುತ್ತಿರುವ ಒಬ್ಬ, ಚೆಂಡಿನೊಡನೆ ಗಿರಗಿರ ತಿರುಗುತ್ತಾನೆಂದು ಅವನಿಗೆ ಬುಗುರಿ ಎಂದು ಹೆಸರು. ಅವನಿಗೆ ಒಂದು ಮೊಳೆ ಖಾಲಿಯಾಗಲಿ ಎಂದು ಹುಡುಗರು ಎರಡು ವರ್ಷದಿಂದ ಕಾಯುತ್ತಿದ್ದರು. ಅವರಲ್ಲೊಬ್ಬ ಕಂಕುಳಲ್ಲಿ ಪೇಪರು ಸುತ್ತಿದ ಫ್ರೇಮು ಇಟ್ಟುಕೊಂಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಹತ್ತು ಫೋಟೋಗಳ ಲೆಕ್ಕ ಮುಗಿಯಿತು. ಒಬ್ಬ ಹಳೆಯ ಗೋಲ್‌ಕೀಪರ್ ಎರಡರಿಂದ ಮೂರಕ್ಕೆ ಇಳಿದ, ಅದಕ್ಕೊಂದಿಷ್ಟು ಗದ್ದಲವಾಯಿತು. ಆಮೇಲೆ ಕ್ಷೌರಿಕರು ಬೇಸಿನ್ನಿನ ಹತ್ತಿರ ಬಂದರು.

"ಹನ್ನೊಂದು. ನಮ್ಮ ಎಡಗಾಲ. ಕಂಡೋರು ಯಾರಿದ್ದಾರೆ?"

ಮಾಮ ನನ್ನ ಭುಜ ಹಿಡಿದು ಎದ್ದರು. ಅದು ಸೆಮಿಫೈನಲ್ ಎಂದರು. ಬೆಳಿಗ್ಗೆಯಿಂದ ಸುರಿದ ಮಳೆಗೆ ಮೈದಾನ ಗದ್ದೆಯಾಗಿತ್ತು. ಆಟಗಾರರೆಲ್ಲ ತಲೆಯಿಂದ ಕಾಲಿನವರೆಗೆ ಕೆಸರು, ಬೆನ್ನಿನ ನಂಬರು ಯಾರದೂ ಕಾಣುತ್ತಿರಲಿಲ್ಲ. ಎಡಗಾಲ ಚೆಂಡು ತಳ್ಳಿಕೊಂಡು ಓಡುವಾಗ ಅವನ ಒಂದು ಬೂಟು ಕೆಸರಲ್ಲಿ ಕಚ್ಚಿಕೊಂಡಿತು. ಅವನು ತಿರುಗಿ ಕೂಡ ನೋಡಲಿಲ್ಲ. ಬರಿಗಾಲಲ್ಲೇ ಓಡಿ, ಬರಿಗಾಲಲ್ಲೇ ಹೊಡೆದ.

ಮಾಮನ ಬಾಯಿಂದ ಬೂಟು ಎಂಬ ಮಾತು ಬಂದಾಗಲೇ ನಾನು ಅಪ್ಪನ ಕಡೆ ತಿರುಗಿದ್ದೆ.

ಆ ಕತೆ ನಮ್ಮ ಮನೆಯದು. ಊಟದ ಹೊತ್ತಿಗೆ ಅಪ್ಪ ಅದನ್ನು ಹೇಳದ ವಾರವಿಲ್ಲ. ಆದರೆ ಅದರಲ್ಲಿ ಓಡುವವನು ಅಪ್ಪನಲ್ಲ, ಚಿಕ್ಕಪ್ಪ. ಅಪ್ಪನ ಒಬ್ಬನೇ ತಮ್ಮ. ಅವನದೂ ಎಡಗಾಲೇ, ಓಟವೂ ಅಣ್ಣನಂತೆಯೇ. ಅದೊಂದೇ ಋತು ಆಡಿದ. ಮುಂದಿನ ಮಳೆಗಾಲದೊಳಗೆ ಜ್ವರ ಬಂದು ತೀರಿಹೋದ. ಅವನು ಆಡುತ್ತಿರುವ ಒಂದು ಫೋಟೋ ಕೂಡ ಇಲ್ಲ. ಅಮ್ಮನಂತೂ ಆ ಕತೆಯನ್ನು ನಂಬುತ್ತಿರಲಿಲ್ಲ. ತಮ್ಮನ ಮೇಲಿನ ಆಸೆಗೆ ಕಟ್ಟಿಕೊಂಡದ್ದು ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು, ನಾನೂ ಹಾಗೆಂದೇ ತಿಳಿದಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಮಾಮ ಗೋಲಿನ ಹಿಂದಿನ ಗುಂಪಿನಲ್ಲಿ ನಿಂತು, ಕೆಸರಿನ ಮುಖವೊಂದನ್ನು ತನ್ನ ಸ್ನೇಹಿತನೆಂದೇ ಇಷ್ಟು ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಹಿಂದಿನ ಹುಡುಗರ ಮುಖ ಜೋತುಬಿದ್ದಿತ್ತು. ಅಲ್ಲಿದ್ದವರಲ್ಲಿ ಸತ್ಯ ಗೊತ್ತಿದ್ದದ್ದು ನಮ್ಮಿಬ್ಬರಿಗೆ. ಅಪ್ಪ ಫೋಟೋ ಕಡೆಗೊಮ್ಮೆ ನೋಡಿದ. ನಾನು ಅವನ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸುಮ್ಮನಿರು, ಇದೊಂದು ಸಲ ಸುಮ್ಮನಿರು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸತ್ತ ತಮ್ಮನಿಗೆ ಇದರಿಂದ ಯಾವ ನಷ್ಟವೂ ಇರಲಿಲ್ಲ. ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ, ಚಿಕ್ಕವಳಿದ್ದಾಗ ನನ್ನ ಮುಷ್ಟಿಯಿಂದ ಕಲ್ಲು ಬಿಡಿಸುತ್ತಿದ್ದ ಹಾಗೆ.

"ಅದು ನಾನಲ್ಲ," ಅಂದ. "ನನ್ನ ತಮ್ಮ."

ಮಾಮ ಅಪ್ಪನ ಮುಖವನ್ನೇ ನೋಡುತ್ತಾ ನಿಂತರು. ಕ್ಷೌರಿಕರು ಹಾವೂ ಸಾಯದ, ಕೋಲೂ ಮುರಿಯದ ಜಾತಿಯವರು. ಅದಿರಲಿ, ಇನ್ನೊಂದು ಆಟ ನೆನಪು ಮಾಡಿಕೊಂಡು ಹೇಳಿ, ಯಾವುದಾದರೂ ಸರಿ, ಒಂದು ಪಾಸಾದರೂ ಸಾಕು ಎಂದು ಮಾಮನಿಗೆ ಮತ್ತೆ ಮತ್ತೆ ಹೇಳಿದರು. ಮಾಮ ಹಣೆ ಒತ್ತಿಕೊಂಡರು, ತುಟಿ ಅಲುಗಿತು.

"ಭಾನುವಾರ ನಂಗೆ ಡ್ಯೂಟಿ ಇರ್ತಿತ್ತಪ್ಪ," ಎಂದರು ಕೊನೆಗೆ. "ಪೂರ್ತಿ ನೋಡಿದ್ದು ಆ ಒಂದೇ ಆಟ, ಆ ಕೆಸರಲ್ಲಿ ಯಾರು ಯಾರೋ ಹೇಗೆ ಹೇಳ್ಲಿ. ಉಳಿದಿದ್ದೆಲ್ಲ ಬಸ್ಸಿನ ಕಿಟಕಿಯಿಂದ ಕೇಳಿದ್ದು."

ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ಸಲಕ್ಕೆ ಇರಲಿ ಬಿಡಿ ಎಂದು ಕ್ಷೌರಿಕರು ಶುರುಮಾಡಿದ್ದರು. ಅಪ್ಪ ಬೇಡವೆಂದು ತಲೆಯಾಡಿಸಿದ. ತಾನೇ ಎದ್ದು ಫೋಟೋಗೆ ಕೈ ಚಾಚಿದ, ಎಟುಕಲಿಲ್ಲ. ಕ್ಷೌರಿಕರು ಅದನ್ನು ಇಳಿಸಿ, ಗಾಜನ್ನು ಟವೆಲಿನಿಂದ ಒರೆಸಿ ಅವನ ಕೈಗೆ ಕೊಟ್ಟರು. ಗೋಡೆಯಲ್ಲಿ ಬಿಳಿಚಿದ ಚೌಕವೊಂದು ಉಳಿಯಿತು.

ಖಾಲಿಯಾದ ಮೊಳೆಗೆ ಹೆಸರು ಕೇಳಿದರು. ಬುಗುರಿ, ಬುಗುರಿ ಎಂದು ಹಿಂದಿನಿಂದ ಒಂದೇ ಕೂಗು. ಬೇರೆ ಯಾರಾದರೂ ಎಂದು ಕ್ಷೌರಿಕರು ಕೇಳಿದ್ದು ಬರೀ ಪದ್ಧತಿಗೆ. ಆಗ ಅಪ್ಪ ಮತ್ತೆ ಎದ್ದ.

"ನನ್ನ ತಮ್ಮ. ನಾನು ಕಂಡಿದ್ದೀನಿ."

ಮಾಮ ಆಗಷ್ಟೇ ಹೇಳಿದ್ದ ಗೋಲನ್ನೇ ಅಪ್ಪ ಮೈದಾನದ ಒಳಗಿನಿಂದ ಹೇಳಿದ. ಗೋಲಾದ ಮೇಲೆ ಎಲ್ಲರೂ ಮೈಮೇಲೆ ಬಿದ್ದು ತಬ್ಬಿಕೊಳ್ಳುತ್ತಿದ್ದರೆ ತಮ್ಮ ಅವರನ್ನು ಬಿಡಿಸಿಕೊಂಡು ಹೋಗಿ ಕೆಸರಲ್ಲಿ ಬೂಟು ಹುಡುಕುತ್ತಿದ್ದನಂತೆ. ಅದು ಅಪ್ಪನ ಹಳೆಯ ಬೂಟು, ತಮ್ಮನಿಗೆ ದೊಡ್ಡದಾಗುತ್ತಿತ್ತು, ಬೂಟಿನ ಮೂತಿಗೆ ಬಟ್ಟೆ ತುರುಕಿಕೊಂಡು ಆಡುತ್ತಿದ್ದ. ಕಳೆದರೆ ಅಣ್ಣ ಬಯ್ಯುತ್ತಾನೆಂಬ ಹೆದರಿಕೆ ಅವನಿಗೆ. ಅಪ್ಪ ಇದನ್ನು ಹೇಳುತ್ತಾ ನಾಲ್ಕು ಸಲ ಉಸಿರಿಗೆ ನಿಂತ.

ಲೆಕ್ಕ ಶುರುವಾಯಿತು. ಬುಗುರಿಗೆ ಅಂಗಡಿಗೆ ಅಂಗಡಿಯೇ ಕೈ ಎತ್ತಿತು. ಆಮೇಲೆ ಚಿಕ್ಕಪ್ಪನ ಸರದಿ. ಅಪ್ಪ ಎಡಗೈಯಲ್ಲಿ ಫೋಟೋ ಅವಚಿಕೊಂಡು ಬಲಗೈ ಎತ್ತಿದ. ಸೋಲುತ್ತೇನೆಂದು ಅವನಿಗೆ ಮೊದಲೇ ಗೊತ್ತಿತ್ತು, ಆದರೂ ಇಳಿಸಲಿಲ್ಲ. ನಾನು ನೋಡಲಾರದೆ ಬೇಸಿನ್ನಿನ ನಲ್ಲಿಯನ್ನು ನೋಡಿದೆ. ಪಕ್ಕದಲ್ಲಿ ಕುರ್ಚಿ ಕಿರುಗುಟ್ಟಿತು. ಮಾಮ ಎದ್ದಿದ್ದರು.

"ಹೆಸರು ತಪ್ಪಿ ಹೇಳ್ದೆ. ಕಂಡಿದ್ದು ಮಾತ್ರ ಹೌದು," ಎಂದು ಅವರೂ ಕೈ ಎತ್ತಿದರು.

"ಎರಡು," ಎಂದರು ಕ್ಷೌರಿಕರು. ನಿಯಮದಂತೆ ಗಟ್ಟಿಯಾಗಿಯೇ ಹೇಳಿದರು.

ಬುಗುರಿಯ ಫೋಟೋ ಆ ಚೌಕಕ್ಕಿಂತ ಸ್ವಲ್ಪ ಚಿಕ್ಕದಿತ್ತು. ಸುತ್ತ ಅಪ್ಪನ ಅಂಚು ಕಾಣುತ್ತಲೇ ಇತ್ತು.

ಮಾಮನನ್ನು ನಾಲ್ಕು ಮಹಡಿ ಹತ್ತಿಸಿ ಬಂದ ಮೇಲೆ, ಟ್ಯಾಕ್ಸಿಯಲ್ಲಿ ಮನೆಗೆ ಹೋಗುವಾಗ ನಾನು ಅಪ್ಪನ ಮೇಲೆ ರೇಗಿದೆ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ಅವನು ತೊಡೆಯ ಮೇಲೆ ಫೋಟೋ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದ.

"ಕಂಡಕ್ಟರೂ ನೋಡಿದ್ದಾನಲ್ಲ," ಅಂದ. "ನಾನೊಬ್ಬನೇ ಅಂದ್ಕೊಂಡಿದ್ದೆ. ನಿಮ್ಮಮ್ಮ ನಂಬ್ತಾ ಇರ್ಲಿಲ್ಲ, ನೀನೂ ನಂಬ್ತಾ ಇರ್ಲಿಲ್ಲ. ಒಮ್ಮೊಮ್ಮೆ ನಂಗೇ ಅನುಮಾನ ಬರ್ತಿತ್ತು ಕಣಮ್ಮ."

ನಾವು ನಂಬಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ.

ಅಪ್ಪ ಆಮೇಲೆ ಆ ಅಂಗಡಿಗೆ ಹೋಗಲಿಲ್ಲ. ಫೋಟೋವನ್ನು ಕಪಾಟಿನ ಹಿಂದೆ ಇಟ್ಟ, ಗೋಡೆಗೆ ತೂಗುಹಾಕಲು ನನ್ನನ್ನು ಬಿಡಲಿಲ್ಲ. ನಡೆಯುವುದು ಬಚ್ಚಲಿನವರೆಗೆ ಮಾತ್ರ ಎಂಬಂತಾಯಿತು. ಶನಿವಾರದ ಗಡ್ಡ ನಾನೇ ಮಾಡತೊಡಗಿದೆ. ಚಾದರ ಒತ್ತುವ ಕೈಗೆ ಅದು ಬೇಗ ಒಗ್ಗಲಿಲ್ಲ, ಎರಡು ಸಲ ಗದ್ದ ಕೊಯ್ದೆ. ಅವನು ಬೇಸರಿಸಲಿಲ್ಲ.

ಋತು ಅರ್ಧ ಕಳೆದಿತ್ತು. ಒಂದು ಶನಿವಾರ ಅವನ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವಾಗ ಫೋನು ಬಂತು. ಮಾಮನ ಸೊಸೆ. ಬೆಳಿಗ್ಗೆ ಎಬ್ಬಿಸಲು ಹೋದರೆ ಏಳಲಿಲ್ಲವಂತೆ. ಡಾಕ್ಟರು ಹೇಳಿದ್ದೆಲ್ಲ ನೆನಪಿತ್ತು, ಆದರೆ ಅವನಿಂದ ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ.

"ಕಂಡಕ್ಟರ್ ಮಾಮ ಹೋದ್ರಂತೆ ಅಪ್ಪ."

ಅರ್ಧ ಮುಖದ ನೊರೆ ಒಣಗಿ ಬಿರಿಯತೊಡಗಿತ್ತು. ಆಮೇಲೆ ಟವೆಲಿನ ಅಡಿಯಿಂದ ಅವನ ಬಲಗೈ ನಿಧಾನವಾಗಿ ಮೇಲೆ ಬಂದು, ಅಂಗಡಿಯಲ್ಲಿ ಎತ್ತಿದ್ದ ಹಾಗೆಯೇ ಕಿವಿಯ ಎತ್ತರಕ್ಕೆ ನಿಂತಿತು.

"ಒಂದು," ಅಂದ.

ನಾನು ಕತ್ತಿಯನ್ನು ಬಟ್ಟಲಿನಲ್ಲಿಟ್ಟೆ. ಆ ಮಳೆಯಲ್ಲಿ, ಆ ಮೈದಾನದಲ್ಲಿ ನಾನು ಇರಲಿಲ್ಲವಲ್ಲ ಎಂದು ಜೀವಮಾನದಲ್ಲಿ ಮೊದಲ ಸಲ ನನಗೆ ಸಂಕಟವಾಯಿತು. ಸುಳ್ಳಿಗಾದರೂ ಕೈ ಎತ್ತೋಣವೆಂದರೆ ನಿಯಮ ಮಾಡಿದವರಿಗಿಂತ ಚೆನ್ನಾಗಿ ಅದನ್ನು ಬಲ್ಲವನು ಎದುರಿಗೇ ಕೂತಿದ್ದ. ಎತ್ತಿದ ಆ ಕೈಯನ್ನು ಹಿಡಿದು ತೊಡೆಯ ಮೇಲಿಟ್ಟು, ಒಣಗಿದ ನೊರೆಗೆ ಮತ್ತೆ ನೀರು ಹಚ್ಚಿದೆ.