ಕುನ್‌ಶಾನ್‌ಗೆ ಹೇಳದ ಮ್ಯಾಚು

ಬೆಳಿಗ್ಗೆ ಎದ್ದು ಚಹಾ ಸೋಸಿ, ಊದುಬತ್ತಿ ಹಚ್ಚಿ, ಸತ್ತ ಗಂಡ ಕುನ್‌ಶಾನ್‌ನ ಧೂಪದ ಬಟ್ಟಲಿನ ಮುಂದೆ ಹಿಂದಿನ ದಿನದ ಬೇಸ್‌ಬಾಲ್ ಮ್ಯಾಚಿನ ವರದಿ ಒಪ್ಪಿಸುವುದು ಚಿನ್‌ಚುವಿನ ನಿತ್ಯದ ಕೆಲಸವಾಗಿತ್ತು. ತೈನಾನ್‌ನ ಮಿಂಚುಳ್ಳಿ ತಂಡವೆಂದರೆ ಕುನ್‌ಶಾನ್‌ಗೆ ಪ್ರಾಣ. ಆ ತಂಡದ ಆಟಗಾರರನ್ನು ಬೈಯುವುದೆಂದರೆ ಪ್ರಾಣಕ್ಕಿಂತ ಒಂದು ಕೈ ಹೆಚ್ಚು.

"ರೀ, ನಿಮ್ಮ ಪಿಚರ್ ನಿನ್ನೇನೂ ಹಂಗೇ. ಟೋಪಿ ಮುಟ್ಕೊಂಡ, ಮೂಗು ಮುಟ್ಕೊಂಡ, ಬೆಲ್ಟು ಮುಟ್ಕೊಂಡ. ಅವನು ಚೆಂಡು ಎಸೆಯೋ ಹೊತ್ತಿಗೆ ನನ್ನ ಮೀನಿನ ಗಂಜಿ ತಣ್ಣಗಾಗಿತ್ತು. ಎಡಗಡೆ ನಿಂತ್ಕೋತಾನಲ್ಲ ಆ ಶೋಕಿಲಾಲ, ಚೆಂಡು ಬರ್ತಿದ್ರೂ ಕೂದಲು ಸರಿ ಮಾಡ್ಕೊಳ್ತಾ ನಿಂತಿದ್ದ. ಚೆಂಡು ಹೋಯ್ತು, ಕ್ರಾಪು ಉಳೀತು."

ಹೇಳಿ ಮುಗಿಸಿ, ಎರಡು ನಾಣ್ಯಗಳನ್ನು ಬೊಗಸೆಯಲ್ಲಿ ಕುಲುಕಿ ನೆಲಕ್ಕೆ ಬಿಡುವಳು. ಒಂದು ಮುಖ, ಒಂದು ಬೆನ್ನು ಬಿದ್ದರೆ ಸತ್ತವರು ಹೂಂ ಅಂದಂತೆ. ಎರಡೂ ಬೆನ್ನಾದರೆ ಉಹೂಂ. ಎರಡೂ ಮುಖ ಮೇಲಾದರೆ ನಗುತ್ತಿದ್ದಾರೆ ಎಂದು ಅರ್ಥ. ಕುನ್‌ಶಾನ್ ದಿನವೂ ನಗುತ್ತಿದ್ದ. ಬದುಕಿದ್ದಾಗ ಇಷ್ಟು ನಕ್ಕವನೇ ಅಲ್ಲ. ಒಂಟಿ ಹೆಂಗಸು ಕುಕ್ಕರಗಾಲಲ್ಲಿ ಕೂತು ಇಲ್ಲದವನ ಜೊತೆ ನಗುವುದನ್ನು ಯಾರಾದರೂ ನೋಡಿದ್ದರೆ ಮೈ ಜುಮ್ಮೆನ್ನುತ್ತಿತ್ತು. ಅವಳಿಗೂ ಒಮ್ಮೊಮ್ಮೆ ಹಾಗಾಗುತ್ತಿತ್ತು. ಟಿವಿಯಲ್ಲಿ ತಂಡದ ದಪ್ಪ ಕ್ಯಾಚರ್ ಬ್ಯಾಟು ಹಿಡಿದು ಬಂದಾಗ ಅವನ ಬೆತ್ತದ ಕುರ್ಚಿ ತನ್ನಷ್ಟಕ್ಕೆ ಕಿರುಗುಟ್ಟುತ್ತಿತ್ತು. ಅವಳು ಆ ಕಡೆ ತಿರುಗಿ ನೋಡುತ್ತಿರಲಿಲ್ಲ, ಕುರ್ಚಿಯನ್ನು ತೆಗೆಸಲೂ ಇಲ್ಲ.

ಒಂದೇ ಒಂದು ಮ್ಯಾಚನ್ನು ಅವಳು ಅವನಿಗೆ ಹೇಳಿರಲಿಲ್ಲ. ಅಂದು ಕೊನೆಯ ಇನಿಂಗ್ಸ್, ಸ್ಕೋರು ಸಮ, ಮೂರನೇ ಬೇಸ್‌ನಲ್ಲಿ ತಂಡದವನೊಬ್ಬ ಓಡಿ ಬರಲು ಕಾದು ನಿಂತಿದ್ದ. ಬ್ಯಾಟಿಗೆ ಬಂದವನು ಅದೇ ದಪ್ಪ ಕ್ಯಾಚರ್. ಅವನು ಹೊಡೆದು, ಓಡಿ, ಮೊದಲ ಬೇಸ್ ಮುಟ್ಟಿದರೆ ಗೆಲುವು. ಕುನ್‌ಶಾನ್ ಅವನಿಗೆ ಇಟ್ಟಿದ್ದ ಹೆಸರು ಅಕ್ಕಿಮೂಟೆ. "ಈ ಮೂಟೆ ಓಡಿ ಗೆಲ್ಸಿದ್ರೆ ನಾನು ಅರ್ಧ ಮೀಸೆ ಬೋಳಿಸ್ಕೊಳ್ತೀನಿ" ಅಂದವನು ಹಾಗೇ ಕುರ್ಚಿಯಲ್ಲಿ ತಲೆ ವಾಲಿಸಿದ. ಅವನ ತಣ್ಣಗಾಗುತ್ತಿದ್ದ ಕೈ ಹಿಡಿದುಕೊಂಡೇ ಚಿನ್‌ಚು ಕೊನೆಯ ಚೆಂಡನ್ನು ನೋಡಿದಳು. ಆ ಫಲಿತಾಂಶ ತಿಳಿಯದೆ ಅವನು ಎಲ್ಲಿಗೂ ಹೋಗುವ ಆಸಾಮಿಯಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡಳು.

ವರ್ಷದ ತಿಥಿ ಬಂತು. ಅಂದು ಅವನ ಧೂಪದ ಬಟ್ಟಲಿನಿಂದ ಚಿಟಿಕೆ ಬೂದಿ ತೆಗೆದು ಹಿರಿಯರ ದೊಡ್ಡ ಬಟ್ಟಲಿಗೆ ಸೇರಿಸಬೇಕು. ಅಲ್ಲಿಂದ ಮುಂದೆ ಅವನಿಗೆ ಬೇರೆ ಊದುಬತ್ತಿಯಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ, ಸಾಯುವ ತನಕ ಸೊಸೆಯನ್ನು ಕಂಡರೆ ಮುಖ ಗಂಟಿಕ್ಕುತ್ತಲೇ ಇದ್ದ ಅವನಮ್ಮ, ಎಲ್ಲರ ಜೊತೆ ಅವನೂ ಒಂದಾಗಿಬಿಡುತ್ತಾನೆ. ಅದಕ್ಕೆ ಅವನೇ ಹೂಂ ಅನ್ನಬೇಕು.

ಮಗ ಯಾವ್‌ಜೆನ್ ನಾಣ್ಯ ಬಿಟ್ಟ. ಎರಡೂ ಮುಖ ಮೇಲೆ. ಮತ್ತೆ ಬಿಟ್ಟ, ಮತ್ತೆ ನಗು. ಎಷ್ಟು ಸಲ ಬಿಟ್ಟರೂ ನಗುವೇ.

"ಅಮ್ಮ, ಅಪ್ಪ ಯಾಕೆ ನಗ್ತಾನೇ ಇದಾರೆ?"

"ನಂಗೇನು ಗೊತ್ತು? ಹೋಗೋಕೆ ಇಷ್ಟ ಇಲ್ವೇನೋ. ಇರ್ಲಿ ಬಿಡು, ನಿನಗೇನು ಭಾರ?"

ತಿಥಿ ಮಾಡಿಸಲು ಬಂದಿದ್ದ ಪುರೋಹಿತ ಅವಳನ್ನೇ ನೋಡಿದ. "ತಾಯಿ, ಏನೋ ಕೇಳಿಸ್ಕೊಳ್ಳೋಕೆ ಕಾಯ್ತಿದಾರೆ ಇವರು. ಹೇಳದೇ ಇದ್ರೆ ಒಳಗೂ ಇಲ್ಲ, ಹೊರಗೂ ಇಲ್ಲ, ಹೊಸ್ತಿಲ ಮೇಲೇ ನಿಂತಿರ್ತಾರೆ. ಅವರಿಗೆ ಕಾಲು ನೋಯಲ್ವಾ?"

ಕುನ್‌ಶಾನ್‌ನ ಮಂಡಿಗೆ ದಿನವೂ ಎಣ್ಣೆ ತಿಕ್ಕಿದ ಕೈ ಅವಳದು. ಆ ಮಾತು ಎದೆಗೆ ಚುರುಕ್ಕೆಂದಿತು. ವರ್ಷವಿಡೀ ಅವನನ್ನು ನಿಲ್ಲಿಸಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಕಳಿಸಲಾರೆ ಎಂದೂ ಅನಿಸಿತು. ಆದರೂ ಮಂಡಿಯೂರಿ ಕೂತಳು.

"ರೀ, ಕೇಳಿ. ಮೂಟೆ ಹೊಡೆದ. ಹೊಡೆದ ಅಂದ್ರೇನು, ಚೆಂಡೇ ಬಂದು ಬ್ಯಾಟಿಗೆ ತಗುಲ್ತು. ಉರುಳ್ಕೊಂಡು ಹೋಯ್ತು. ಓಡಿದ ನೋಡಿ ನಿಮ್ಮ ಮೂಟೆ! ಹೊಟ್ಟೆ ಮುಂದೆ, ಅವನು ಹಿಂದೆ. ಕೊನೆಗೆ ದಬಾರಂತ ಮುಖ ಅಡಿಯಾಗಿ ಬಿದ್ದ. ಧೂಳು ಇಳಿದ ಮೇಲೆ ನೋಡಿದ್ರೆ ಕೈ ಬೇಸ್ ಮೇಲಿತ್ತು. ಗೆದ್ವಿ ಕಣ್ರೀ. ಹೋಗಿ, ಮೀಸೆ ಬೋಳಿಸ್ಕೊಳ್ಳಿ."

ನಾಣ್ಯವನ್ನು ತಾನೇ ಬಿಟ್ಟಳು. ಇದಕ್ಕಾದರೂ ನಗಲಿ, ಇನ್ನೊಂದೇ ಸಲ ನಗಲಿ ಎಂದು ಬೇಡಿಕೊಂಡಳು. ಒಂದು ಮುಖ, ಒಂದು ಬೆನ್ನು.

ಯಾವ್‌ಜೆನ್ ಉಸ್ಸೆಂದ. ಪುರೋಹಿತ ಬೂದಿಯನ್ನು ದೊಡ್ಡ ಬಟ್ಟಲಿಗೆ ಹಾಕಿ ಮೆಲ್ಲಗೆ ತಟ್ಟಿದ. ಹೊರಟವನಿಗೆ ಒಂದು ನಗೆಯಷ್ಟೂ ಪುರುಸೊತ್ತಿರಲಿಲ್ಲವೇ ಎಂದು ಚಿನ್‌ಚುಗೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಅಳು.

ಕೆಲವು ದಿನ ಅವಳು ಆ ಕಡೆ ಸುಳಿಯಲಿಲ್ಲ. ಮಿಂಚುಳ್ಳಿ ಹೀನಾಯವಾಗಿ ಸೋತ ಮಾರನೆಯ ಬೆಳಿಗ್ಗೆ ಮಾತ್ರ ತಡೆಯಲಾಗಲಿಲ್ಲ. ಹಿರಿಯರ ಬಟ್ಟಲಿನ ಮುಂದೆ ಕೂತಳು.

"ರೀ, ನಿಮ್ಮ ಪಿಚರ್ ಈಗ ಕಿವೀನೂ ಮುಟ್ಕೊಳ್ಳೋಕೆ ಶುರು ಮಾಡಿದಾನೆ."

ನಾಣ್ಯ ಬಿಟ್ಟಳು. ಎರಡೂ ಮುಖ ಮೇಲೆ.

ನಗಲು ಬಾಯಿ ತೆರೆದವಳು ಬಟ್ಟಲನ್ನು ನೋಡಿ ತಡೆದಳು. ಬೂದಿಯೆಲ್ಲ ಒಂದೇ ಬಣ್ಣ. ನಕ್ಕಿದ್ದು ಅವನೋ, ಅವನಮ್ಮನೋ? ಅತ್ತೆಗೆ ಬೇಸ್‌ಬಾಲ್‌ನ ಗಂಧಗಾಳಿ ಇರಲಿಲ್ಲ. ಅವಳೇ ಆಗಿದ್ದರೆ ನಗುತ್ತಿರುವುದು ತನ್ನನ್ನು ನೋಡಿಯೇ.

"ರೀ, ನೀವೇನಾ?"

ನಾಣ್ಯ ಎತ್ತಿಕೊಂಡು ಕುಲುಕಿದಳು. ಕುಲುಕುತ್ತಲೇ ಇದ್ದಳು. ಉಹೂಂ ಬಿದ್ದುಬಿಟ್ಟರೆ ಎಂಬ ಭಯಕ್ಕೆ ಬೊಗಸೆ ಬಿಚ್ಚಲಾಗಲಿಲ್ಲ.